ಆರು ಸೋತ್ಕಾ ನೆಲ ಮತ್ತು ಬೆಲರೂಸಿಗರ ಒಕ್ಕಲುತನ

ದಾಚಾ ಎಂದರೆ ಅನುಕೂಲಸ್ಥರು ವಿಶ್ರಾಂತಿಗೆಂದು ಕಟ್ಟಿಕೊಂಡ ತೋಟದ ಮನೆ ಎಂಬ ಕಲ್ಪನೆ ಹೊರಗಿನವರಲ್ಲಿ ಸಾಮಾನ್ಯವಾಗಿದೆ. ಬೆಲರೂಸಿನ ರಾಜಧಾನಿ ಮಿನ್ಸ್ಕ್ ನಗರದಲ್ಲಿ ಓದುತ್ತಿದ್ದ ವರ್ಷಗಳಲ್ಲಿ ಅಧ್ಯಾಪಕರೊಬ್ಬರ ಕುಟುಂಬದೊಂದಿಗೆ ಅವರ ದಾಚಾಕ್ಕೆ ಹೋಗಿ ಗುದ್ದಲಿ ಹಿಡಿದ ಮೇಲೆ ನನಗೆ ಮನವರಿಕೆಯಾದದ್ದೇ ಬೇರೆ. ಹಳ್ಳಿಯನ್ನು ಬಿಟ್ಟು ನಗರ ಸೇರಿದ ಜನ ತಮ್ಮ ಒಕ್ಕಲುತನವನ್ನು ಕೈಬಿಡದೆ ಕಾಪಾಡಿಕೊಂಡು ಬಂದ ಜಾಗವದು.

ಬೆಲರೂಸಿನಲ್ಲಿ ಈ ಸ್ಥಳಾಂತರ ಬಹಳ ವೇಗವಾಗಿ ನಡೆಯಿತು. 1959ರಲ್ಲಿ ಅಲ್ಲಿನ ಜನಸಂಖ್ಯೆಯ ಮೂರನೆಯ ಒಂದು ಭಾಗದಷ್ಟು ಜನರೂ ನಗರವಾಸಿಗಳಾಗಿರಲಿಲ್ಲ. ಇಂದು ನಾಲ್ಕನೆಯ ಮೂರು ಭಾಗಕ್ಕಿಂತ ಹೆಚ್ಚು ಜನ ನಗರಗಳಲ್ಲಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ಮಿನ್ಸ್ಕ್, ಕಾರ್ಖಾನೆಗಳ ಸುತ್ತ ಮತ್ತೆ ಬೆಳೆದು 1972ರ ಹೊತ್ತಿಗೆ ಹತ್ತು ಲಕ್ಷ ಜನರ ನಗರವಾಯಿತು. ಹಾಗೆ ಬಂದವರಿಗೆ ಬಹುಮಹಡಿ ಕಟ್ಟಡಗಳಲ್ಲಿ ಪುಟ್ಟ ಮನೆಗಳು ಸಿಕ್ಕವು, ಆದರೆ ಕಾಲ ಕೆಳಗಿನ ಮಣ್ಣು ತಪ್ಪಿಹೋಯಿತು. ಕಾರ್ಮಿಕರ ಸಾಮೂಹಿಕ ತೋಟಗಾರಿಕೆಯ ಬಗ್ಗೆ 1949ರಲ್ಲಿ ಸೋವಿಯತ್ ಸರ್ಕಾರ ಹೊರಡಿಸಿದ ನಿರ್ಣಯದ ಜಾಡಿನಲ್ಲಿ ಕಾರ್ಖಾನೆ, ಕಚೇರಿ, ಸಂಸ್ಥೆಗಳ ಮೂಲಕ ನೌಕರರಿಗೆ ತುಂಡು ಭೂಮಿ ಹಂಚುವ ಪದ್ಧತಿ ಬೆಳೆಯಿತು. ಒಂದು ಕುಟುಂಬಕ್ಕೆ ಸಾಮಾನ್ಯವಾಗಿ ದೊರೆಯುತ್ತಿದ್ದುದು ಆರು ಸೋತ್ಕಾ, ಅಂದರೆ 600 ಚದರ ಮೀಟರ್. ಒಳ್ಳೆಯ ಭೂಮಿ ಸಾಮೂಹಿಕ ಬೇಸಾಯಕ್ಕೆ ಮೀಸಲಾಗಿದ್ದರಿಂದ ಜೌಗು, ಮರಳು, ಬೇಸಾಯಕ್ಕೆ ಒಗ್ಗದ ನೆಲಗಳೇ ತೋಟಗಾರರ ಪಾಲಿಗೆ ಬಂದವು. ಮನೆಯ ಅಳತೆಗೂ ಕಟ್ಟುಪಾಡುಗಳಿದ್ದವು. ಆ ನೆಲಕ್ಕೆ ವರ್ಷವರ್ಷವೂ ಗೊಬ್ಬರ ಹೊತ್ತು ಹಾಕಿ, ನೀರು ಬಸಿದುಹೋಗಲು ಕಾಲುವೆ ತೋಡಿ, ಕೈಗೆ ಸಿಕ್ಕ ಹಲಗೆ ಇಟ್ಟಿಗೆಗಳಿಂದ ಗೂಡಿನಂಥ ಮನೆ ಎಬ್ಬಿಸಿದವರ ಶ್ರಮವನ್ನು ನೆನೆದರೆ ಇಂದಿಗೂ ನನ್ನಲ್ಲಿ ಗೌರವ ಮೂಡುತ್ತದೆ.

ಅಲ್ಲಿನ ಬೇಸಾಯದ ವರ್ಷ ಹಿಮ ಕರಗುವ ಮೊದಲೇ, ನಗರದ ಮನೆಯ ಕಿಟಕಿಯ ಕಟ್ಟೆಯ ಮೇಲೆ ಆರಂಭವಾಗುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಡಬ್ಬಿಗಳಲ್ಲಿ ಬಿತ್ತಿದ ಟೊಮೆಟೊ, ದಪ್ಪ ಮೆಣಸಿನಕಾಯಿಯ ಸಸಿಗಳು ಮೇ ತಿಂಗಳಲ್ಲಿ ಮಾಲೀಕರೊಂದಿಗೆ ಉಪನಗರ ರೈಲು ಎಲೆಕ್ಟ್ರಿಚ್ಕಾ ಏರಿ ಹಸಿರುಮನೆ ಸೇರುತ್ತವೆ. ಆಲೂಗೆಡ್ಡೆಯನ್ನು ಏಪ್ರಿಲ್ ಕೊನೆಯಿಂದ ಮೇ ರಜಾದಿನಗಳವರೆಗೆ ನೆಡುತ್ತಾರೆ. ಚೆರ್ಯೋಮುಖಾ ಮರ ಹೂ ಬಿಟ್ಟರೆ ಚಳಿ ಮರಳುತ್ತದೆ ಎಂಬುದು ಅಲ್ಲಿನ ಹಿರಿಯರ ನಂಬಿಕೆ. ಮೇ ತಿಂಗಳ ನಡುವೆಯೂ ರಾತ್ರಿ ಹಿಮ ಕಚ್ಚಿ ಎಳೆಯ ಸಸಿಗಳು ಕರಕಲಾಗುವುದುಂಟು, ಆದ್ದರಿಂದ ಆ ಮಾತನ್ನು ಯಾರೂ ಕಡೆಗಣಿಸುವುದಿಲ್ಲ. ಪಿಂಚಣಿದಾರರಿಗೆ ಉಪನಗರ ಸಾರಿಗೆಯಲ್ಲಿ ದೊರೆಯುವ ಅರ್ಧ ದರದ ರಿಯಾಯಿತಿ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಇರುತ್ತದೆ ಎಂಬುದನ್ನು ಗಮನಿಸಿದರೆ, ತೋಟದ ಋತು ಸರ್ಕಾರಿ ನಿಯಮದೊಳಗೂ ಸೇರಿಕೊಂಡಿರುವುದು ಕಾಣುತ್ತದೆ.

ಬೇಸಿಗೆಯ ಕೆಲಸದಲ್ಲಿ ನನಗೆ ಅತ್ಯಂತ ಬೇಸರ ತಂದದ್ದು ಆಲೂಗೆಡ್ಡೆ ಗಿಡಗಳಿಂದ ಕೊಲರಾಡೊ ಜೀರುಂಡೆಗಳನ್ನು ಒಂದೊಂದಾಗಿ ಆರಿಸುವುದು. ಅತ್ಯಂತ ಸಂತೋಷ ಕೊಟ್ಟದ್ದು ಸೌತೆಕಾಯಿ ಉಪ್ಪಿನಲ್ಲಿ ಹಾಕುವ ದಿನ. ಮೂರು ಲೀಟರಿನ ಗಾಜಿನ ಭರಣಿಗಳನ್ನು ಹಬೆಯಲ್ಲಿ ಶುದ್ಧಗೊಳಿಸಿ, ತಳದಲ್ಲಿ ಹೂಬಿಟ್ಟ ಸಬ್ಬಸಿಗೆ, ಬೆಳ್ಳುಳ್ಳಿ, ಖಾರದ ಬೇರಿನ ಖ್ರೇನ್ (ಹಾರ್ಸ್‌ರಾಡಿಶ್) ಗಿಡದ ಅಗಲವಾದ ಎಲೆ, ಕಪ್ಪು ಕರಂಟ್ ಹಾಗೂ ಚೆರ್ರಿ ಎಲೆಗಳನ್ನು ಇಟ್ಟು, ಸೌತೆಕಾಯಿಗಳನ್ನು ನಿಲ್ಲಿಸಿ ಒತ್ತೊತ್ತಾಗಿ ಜೋಡಿಸಿ, ಕುದಿಯುವ ಉಪ್ಪುನೀರು ಸುರಿದು, ತಗಡಿನ ಮುಚ್ಚಳವನ್ನು ಕೈಯಂತ್ರದಿಂದ ಸುತ್ತಿ ಬಿಗಿಯುತ್ತಾರೆ. ಖ್ರೇನ್ ಎಲೆ ಇಲ್ಲದಿದ್ದರೆ ಕಾಯಿಯ ಗರಿಗರಿತನ ಹೋಗುತ್ತದೆ ಎಂದು ಆ ಮನೆಯ ಅಜ್ಜಿ ಖಚಿತವಾಗಿ ಹೇಳುತ್ತಿದ್ದರು. ಬಳಿಕ ಕರಂಟ್ ಜಾಮ್, ಎಲೆಕೋಸು, ಆಂತೊನೊವ್ಕಾ ಸೇಬು ಎಲ್ಲವೂ ಸರದಿಯಂತೆ ನೆಲಮಾಳಿಗೆಗೆ ಇಳಿಯುತ್ತವೆ.

ಅಂಗಡಿಯಲ್ಲಿ ಆಲೂಗೆಡ್ಡೆ ಅಗ್ಗವಾಗಿ ದೊರೆಯುವಾಗ ಈ ದುಡಿಮೆ ಏಕೆ ಎಂಬ ಪ್ರಶ್ನೆಯನ್ನು ಬೆಲರೂಸಿನ ಯುವಕರೇ ಕೇಳುತ್ತಾರೆ. ಸೋವಿಯತ್ ಒಕ್ಕೂಟ ಕುಸಿದ ಮೇಲಿನ ತೊಂಬತ್ತರ ದಶಕದಲ್ಲಿ ಸಂಬಳದ ಬೆಲೆ ಕರಗಿಹೋದಾಗ ಅನೇಕ ಮನೆಗಳ ಚಳಿಗಾಲವನ್ನು ದಾಟಿಸಿದ್ದು ಈ ಭರಣಿಗಳು ಮತ್ತು ಚೀಲಗಳೇ ಎಂಬುದನ್ನು ಹಿರಿಯರು ಮರೆತಿಲ್ಲ. ಅದಕ್ಕೂ ಮುಂಚೆ, 1986ರ ಏಪ್ರಿಲ್ 26ರ ಚೆರ್ನೋಬಿಲ್ ದುರಂತದ ವಿಕಿರಣಶೀಲ ಧೂಳು ಗೋಮೆಲ್, ಮೊಗಿಲ್ಯೋವ್ ಪ್ರಾಂತಗಳ ಮೇಲೆ ಬಿದ್ದಾಗ, ಸ್ವಂತ ಮಣ್ಣಿನ ಬೆಳೆಯನ್ನು ತಿನ್ನಬಹುದೇ ಎಂಬ ಭಯವನ್ನೂ ಆ ಜನ ಅನುಭವಿಸಿದರು. ಅಲ್ಲಿನ ಕಾಡಿನ ಅಣಬೆ, ಹಣ್ಣುಗಳನ್ನು ತಿನ್ನುವ ಮೊದಲು ಪರೀಕ್ಷೆ ಮಾಡಿಸುವ ರೂಢಿ ಈಗಲೂ ಇದೆ. ಇಷ್ಟೆಲ್ಲ ಕಂಡವರು ಅಂಗಡಿಯ ದರಪಟ್ಟಿ ನೋಡಿ ಗುದ್ದಲಿ ಕೆಳಗಿಡುವುದಿಲ್ಲ, ಮತ್ತು ಅವರ ತೀರ್ಮಾನ ಸರಿಯೆಂದೇ ನಾನು ನಂಬಿದ್ದೇನೆ.

ಈಚೆಗೆ ಹಲವು ತುಂಡುಗಳಲ್ಲಿ ಆಲೂಗೆಡ್ಡೆಯ ಸಾಲುಗಳು ಕಿರಿದಾಗಿ ಹುಲ್ಲುಹಾಸು, ಮಾಂಸ ಸುಡುವ ಒಲೆ, ಮಕ್ಕಳ ಉಯ್ಯಾಲೆಗಳು ಬಂದಿವೆ. ಇದನ್ನು ನಾನು ಅವನತಿಯೆಂದು ಕರೆಯಲಾರೆ, ಏಕೆಂದರೆ ಹುಲ್ಲುಹಾಸಿನ ಅಂಚಿನಲ್ಲಿ ಬೆಳ್ಳುಳ್ಳಿ, ಸಬ್ಬಸಿಗೆಯ ಮಡಿಗಳು ಉಳಿದೇ ಇವೆ. ಸೆಪ್ಟೆಂಬರಿನಲ್ಲಿ ಗೆಡ್ಡೆ ಅಗೆಯುವ ವಾರ ಬಂದಾಗ, ವರ್ಷವಿಡೀ ಪ್ರಶ್ನೆ ಕೇಳಿದ ಆ ಮಕ್ಕಳೂ ಮೊಮ್ಮಕ್ಕಳೂ ನಗರದಿಂದ ಬಂದು ಸಾಲು ಹಿಡಿಯುತ್ತಾರೆ, ಮತ್ತು ಸಂಜೆ ಹಿಂತಿರುಗುವಾಗ ತಮ್ಮ ಪಾಲಿನ ಚೀಲವನ್ನು ಕಾರಿಗೆ ತುಂಬಿಕೊಳ್ಳುತ್ತಾರೆ.