ಕ್ಯಾಲಿಫೋರ್ನಿಯಾದ ಲೆಕ್ಕ, ಮುಂಡರಗಿಯ ಶಾಲೆ

ಮುಂಡರಗಿ ಕಡೆಯ ತಾಂಡಾ ಶಾಲೆಯಲ್ಲಿ 31 ಮಕ್ಕಳಿರಲಿ, ಗದಗ ಪೇಟೆಯ ಶಾಲೆಯಲ್ಲಿ 100 ಇರಲಿ, ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನದ ಮಿತಿ ಒಂದೇ: 25,000 ರೂಪಾಯಿ. ಒಂದು ಮಗು ಬಿಟ್ಟು 30ಕ್ಕೆ ಇಳಿದರೆ 10,000. ಬರೀ ತಲೆಯೆಣಿಕೆ. ಮನೆಯಲ್ಲಿ ಲಂಬಾಣಿ ಆಡುವ ಮಗುವಿಗೆ ಕನ್ನಡ ಕಲಿಸುವ ಖರ್ಚು ಅದರಲ್ಲಿ ಎಲ್ಲೂ ಇಲ್ಲ.

ನಾವಿರುವ ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಲೆಕ್ಕ ಬೇರೆ. ಪ್ರತಿ ಮಗುವಿಗೆ ಮೂಲ ಮೊತ್ತ 100 ಅನ್ನಿ. ಬಡ ಮನೆಯ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಅಥವಾ ಸಾಕುಮನೆಯಲ್ಲಿರುವ ಮಗುವಿಗೆ ಮೇಲೆ 20. ಎರಡು ಕಾರಣಗಳಿದ್ದರೂ ಎಣಿಕೆ ಒಮ್ಮೆಯೇ. ಇಂಥವರು ಶಾಲಾ ಜಿಲ್ಲೆಯಲ್ಲಿ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕ) ನೂರಕ್ಕೆ 55 ದಾಟಿದರೆ, ದಾಟಿದಷ್ಟು ಮಕ್ಕಳಿಗೆ ತಲಾ ಇನ್ನೂ 65. 2021ಕ್ಕೆ ಮುಂಚೆ ಈ 65ರ ಜಾಗದಲ್ಲಿ 50 ಇತ್ತು. ನೂರರಲ್ಲಿ 80 ಮಕ್ಕಳು ಹಾಗಿದ್ದರೆ, ಅವರಿಗೆ ತಲಾ 20ರಂತೆ 1,600 ಮತ್ತು 55 ದಾಟಿದ 25 ಮಕ್ಕಳಿಗೆ ತಲಾ 65ರಂತೆ 1,625 ಸೇರಿ, 10,000 ಇದ್ದದ್ದು 13,225 ಆಗುತ್ತದೆ.

ಹುಳುಕೂ ಇದೆ. ಹಣ ಬರುವುದು ಶಾಲಾ ಜಿಲ್ಲೆಯ ಮಂಡಳಿಗೆ, ಶಾಲೆಗಲ್ಲ. ಖರ್ಚಾಗದೆ ಉಳಿದ ಹೆಚ್ಚುವರಿ ಮರುವರ್ಷ ಸಾಮಾನ್ಯ ಹಣದಲ್ಲಿ ಕರಗಿಹೋಗುತ್ತಿತ್ತು. 2019ರಲ್ಲಿ ರಾಜ್ಯದ ಲೆಕ್ಕಪರಿಶೋಧಕರು ಇದನ್ನು ಹಿಡಿದರು. ಉಳಿಕೆಯೂ ಆ ಮಕ್ಕಳಿಗೇ ಎಂಬ ನಿಯಮ 2021ರಲ್ಲಿ ಬಂತು. ಇನ್ನೊಂದು, ಮೂಲ ಮೊತ್ತ ಕೊಡುವುದು ದಾಖಲಾತಿ ನೋಡಿ ಅಲ್ಲ, ಸರಾಸರಿ ಹಾಜರಿ ನೋಡಿ. ಇದನ್ನು ಮಾತ್ರ ಯಾರೂ ನಮ್ಮೂರಿಗೆ ತರಬಾರದು. ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ, ತಾಂಡಾದವರು ಗೋವಾಕ್ಕೆ ದುಡಿಯಲು ಹೋದಾಗ ಹಾಜರಿ ಪುಸ್ತಕ ಖಾಲಿ. ಹೆಚ್ಚು ಹಣ ಬೇಕಾದ ಶಾಲೆಗೇ ಕತ್ತರಿ ಬೀಳುತ್ತದೆ.

ತರಬೇಕಾದದ್ದು ತೂಕದ ಲೆಕ್ಕ, ಜೊತೆಗೆ ಉತ್ತರ ಕೊಡುವ ರೂಢಿ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಶಾಲಾ ಜಿಲ್ಲೆ ಮೂರು ವರ್ಷದ ಯೋಜನೆ ಬರೆದು, ಬಹಿರಂಗ ಸಭೆಯಲ್ಲಿಟ್ಟು, ಬೇರೊಂದು ದಿನದ ಸಭೆಯಲ್ಲಿ ಜುಲೈ 1ರೊಳಗೆ ಒಪ್ಪಬೇಕು. ಪಾಲಕರ ಸಮಿತಿಯ ಟಿಪ್ಪಣಿಗೆ ಶಾಲಾ ಜಿಲ್ಲೆಯ ಮುಖ್ಯಾಧಿಕಾರಿಯಾದ ಅಧೀಕ್ಷಕರು ಬರಹದಲ್ಲೇ ಉತ್ತರಿಸಬೇಕು.

ಇದರ ಅರ್ಧ ನಮ್ಮ ಕಾನೂನಿನಲ್ಲೇ ಇದೆಯಲ್ಲ! ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮುಕ್ಕಾಲು ಪಾಲು ಪಾಲಕರು, ಅರ್ಧ ಮಹಿಳೆಯರು. 22(2)ರಂತೆ ಅವರ ಶಾಲಾಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರ. ಆದರೆ ಯೋಜನೆಯಲ್ಲಿ "ಕಾಂಪೌಂಡ್ ಬೇಕು" ಎಂದಷ್ಟೇ ಬರೆದರೆ ಅದು ಫೈಲಿನಲ್ಲೇ ಮಲಗುತ್ತದೆ. ತಿಂಗಳುವಾರು ಹಾಜರಿ, ವಲಸೆ ಹೋಗುವ ಮಕ್ಕಳೆಷ್ಟು, ಮನೆಮಾತು ಬೇರೆ ಇರುವವರೆಷ್ಟು, ಖಾಲಿ ಹುದ್ದೆ ಯಾವ ವಿಷಯದ್ದು, ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು ಎಂಬುದನ್ನು ಅಂಕಿಯಲ್ಲೇ ಬರೆಯಿರಿ. ಠರಾವು ಮಾಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ.