ಫೆಬ್ರವರಿ 14 ಬಿಡಿ, ಪಂಚಾಂಗ ನೋಡಿ

ಜನವರಿ ಬಂತು ಅಂದ್ರೆ ಸಾಕು, ಸಿಕ್ಕಿದೋರೆಲ್ಲಾ ಕೇಳೋದು ಒಂದೇ, "ಏನಣ್ಣಾ, ವ್ಯಾಲೆಂಟೈನ್ಸ್ ಡೇಗೆ ಜೋರಾ?" ಅಂತ. ದೊಡ್ಡಬಳ್ಳಾಪುರದ ಕಡೆ ಪಾಲಿಹೌಸಲ್ಲಿ, ಅಂದ್ರೆ ಪ್ಲಾಸ್ಟಿಕ್ ಹೊದಿಕೆ ಹಾಕಿದ ಮನೇಲಿ, ಉದ್ದ ಕಡ್ಡಿಯ ಡಚ್ ರೋಸ್ ಬೆಳೆಯೋ ನಮ್ಮಂಥೋರಿಗೆ ಅದೊಂದು ಲಾಟ್ರಿ ಅಂತ ಊರೋರು ನಂಬ್ಬಿಟ್ಟಿದಾರೆ. ನಿಜ ಹೇಳ್ಬೇಕಂದ್ರೆ ನಮ್ಮನೆ ಒಲೆ ಉರಿಯೋದು ಮದುವೆ ಮುಹೂರ್ತದಿಂದ.

ಫೆಬ್ರವರಿ ಲೆಕ್ಕ ಹೆಂಗೆ ಅಂದ್ರೆ, ಅವತ್ತಿಗೆ ಬೇಕಾಗಿರೋದು ಕೆಂಪು ಮಾತ್ರ, ಅದ್ರಲ್ಲೂ ತಾಜ್ ಮಹಲ್ ವೆರೈಟಿ. ಫಾರಿನ್‌ಗೆ ಹೋಗೋ ಮಾಲು ಜನವರಿ ಕೊನೇಲಿ, ಇಲ್ಲಾಂದ್ರೆ ಫೆಬ್ರವರಿ ಮೊದಲ ವಾರದಲ್ಲಿ ವಿಮಾನ ಹತ್ತಿರ್ಬೇಕು. ಅದಕ್ಕೆ ನವೆಂಬರ್ ಕೊನೆ, ಡಿಸೆಂಬರ್ ಶುರುವಲ್ಲೇ ಗಿಡಕ್ಕೆ ಕತ್ತರಿ ಹಾಕ್ಬೇಕು. ಕತ್ತರಿ ಹಾಕಿದ್ಮೇಲೆ ಹೂವಿಗೆ ಹೆಚ್ಚುಕಮ್ಮಿ 45ರಿಂದ 60 ದಿನ, ಚಳಿ ಜಾಸ್ತಿ ಆದಷ್ಟೂ ಲೇಟು. ಮೋಡ ಮುಚ್ಕೊಂಡು ಒಂದು ವಾರ ಬಿಸಿಲು ಬರ್ಲಿಲ್ಲ ಅಂದ್ರೆ ಮೊಗ್ಗು ಅಲ್ಲೇ ಕೂತ್ಕೊಳ್ಳುತ್ತೆ, ಇಬ್ಬನಿಗೆ ಡೌನಿ ಅನ್ನೋ ಬೂಷ್ಟು ರೋಗ ಬೇರೆ ಅಂಟ್ಕೊಳ್ಳುತ್ತೆ, ಕೊನೆಗೆ ಹೂ ಬರೋದು 15ನೇ ತಾರೀಕು, ಅವತ್ತು ಕೇಳೋ ನಾಯಿ ಇರಲ್ಲ. ಸುತ್ತಮುತ್ತಲಿನ ತೋಟದೋರೆಲ್ಲಾ ಒಂದೇ ವಾರ ಕತ್ತರಿ ಹಾಕಿರ್ತಾರೆ, ಹಂಗಾಗಿ ಲೋಕಲ್ ಮಾರ್ಕೆಟಲ್ಲಿ ರೇಟ್ ಬಿದ್ದರೂ ಒಟ್ಟಿಗೇ ಬೀಳುತ್ತೆ.

ಮದುವೆ ಡೆಕೋರೇಷನ್‌ನೋರು ಹಂಗಲ್ಲ. ಅವರಿಗೆ ಹಳದಿ ಗೋಲ್ಡ್ ಸ್ಟ್ರೈಕ್ ಬೇಕು, ಬಿಳಿ ಅವಲಾಂಚ್ ಬೇಕು, ಪಿಂಕ್, ಆರೆಂಜ್ ಎಲ್ಲಾ ಬೇಕು. ಎಕ್ಸ್‌ಪೋರ್ಟ್‌ನೋರು 60, 70 ಸೆಂಟಿಮೀಟರ್ ಕಡ್ಡಿ ಕೇಳಿದ್ರೆ ಇವರು 40 ಇದ್ರೂ ತಗೋತಾರೆ, ಸ್ಟೇಜಿಗೆ ಚುಚ್ಚೋ ಹೂವಿಗೆ ಕಡ್ಡಿ ಉದ್ದ ಯಾರು ನೋಡ್ತಾರೆ? ಆಷಾಢ ಬಂತಂದ್ರೆ ಮಾತ್ರ ಮಾರ್ಕೆಟ್ ಸತ್ತೋಗುತ್ತೆ, ಪಿತೃಪಕ್ಷದಲ್ಲೂ ಅದೇ ಕಥೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಇದೆಯಲ್ಲಾ ಅಂತೀರಾ, ಆ ದುಡ್ಡು ಮಲ್ಲಿಗೆ, ಕನಕಾಂಬರ, ಸೇವಂತಿಗೆ ಬೆಳೆದೋರಿಗೆ. ಕೆ.ಆರ್. ಮಾರ್ಕೆಟಲ್ಲಿ ಕೆಜಿ ಲೆಕ್ಕದಲ್ಲಿ ಹೋಗೋ ಬಿಡಿ ಗುಲಾಬಿ ಬಯಲಲ್ಲಿ ಬೆಳೆಯೋದು, ಅದರ ವ್ಯವಹಾರವೇ ಬೇರೆ.

ನಮ್ಮದು ಬಂಚ್ ಲೆಕ್ಕ, ಬಂಚಿಗೆ 20 ಕಡ್ಡಿ. ಬೆಳಗಾಗೋ ಹೊತ್ತಿಗೇ ಕಟಿಂಗ್ ಶುರು. ಮೊಗ್ಗಿನ ಹಸಿರು ಪುಷ್ಪಪತ್ರ ಕೆಳಕ್ಕೆ ಬಾಗಿ, ಹೊರಗಿನ ಒಂದೆರಡು ಎಸಳು ಸಡಿಲ ಆಗಿರ್ಬೇಕು, ಅದಕ್ಕಿಂತ ಮುಂಚೆ ಕುಯ್ದರೆ ಹೂ ಅರಳದೇ ತಲೆ ಬಗ್ಗಿಸುತ್ತೆ. ಕುಯ್ದ ತಕ್ಷಣ ಬಕೆಟ್ ನೀರಿಗೆ. ಆಮೇಲೆ ಟೇಬಲ್ ಮೇಲೆ ಕೆಳಗಿನ ಎಲೆ ಮುಳ್ಳು ಸವರಿ, ಉದ್ದ ಅಳೆದು, ಹೂವಿನ ತಲೆಗಳು ಒಂದಕ್ಕೊಂದು ತಾಗದ ಹಂಗೆ ಎರಡು ಸಾಲಾಗಿ ಜೋಡಿಸಿ, ರಟ್ಟಿನ ಶೀಟ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕೋದು. ಈ ಕೆಲಸದಲ್ಲಿ ನಮ್ಮಲ್ಲಿಗೆ ಬರೋ ಹೆಂಗಸರ ಕೈ ಓಡೋದು ನೋಡ್ಬೇಕು, ನನ್ನ ಕೈಲಂತೂ ಆಗಲ್ಲ. 20ರಲ್ಲಿ ಒಂದು ಹೂವಿನ ಅಂಚು ಥ್ರಿಪ್ಸ್ ಅನ್ನೋ ಸಣ್ಣ ಹುಳ ತಿಂದು ಕಪ್ಪಾಗಿದ್ರೂ ತಗೊಳ್ಳೋನು ಅದನ್ನೇ ಎತ್ತಿ ತೋರ್ಸಿ ಇಡೀ ಬಂಚಿನ ರೇಟ್ ಇಳಿಸ್ತಾನೆ.

ಹೆಬ್ಬಾಳದ ಹರಾಜು ಕೇಂದ್ರದಲ್ಲಿ ನಂಗಿಷ್ಟ ಆಗೋದು ಆ ಗಡಿಯಾರ. ರೇಟ್ ಮೇಲಿಂದ ಕೆಳಗೆ ಇಳೀತಾ ಬರುತ್ತೆ, ಮೊದಲು ಬಟನ್ ಒತ್ತಿದೋನಿಗೆ ಮಾಲು. ಕಮ್ಮಿ ಸಿಕ್ರೂ ಎಷ್ಟು ಸಿಕ್ತು ಅಂತ ಕಣ್ಣೆದುರೇ ಗೊತ್ತಾಗುತ್ತೆ. ಕಮಿಷನ್ ಏಜೆಂಟಿಗೆ ಹಾಕಿದ್ರೆ ಅವನು ಹೇಳಿದ್ದೇ ರೇಟು, ಅದೂ ಮಾರನೇ ದಿನ ಫೋನಲ್ಲಿ.

2020ರ ಮಾರ್ಚಲ್ಲಿ ಲಾಕ್‌ಡೌನ್ ಆಗಿ ಮದುವೆ ನಿಂತಾಗ ಈ ಕಡೆ ರೋಸ್ ತಿಪ್ಪೆಗೆ ಹೋಯ್ತು. ಹಂಗಂತ ಕುಯ್ಯೋದು ನಿಲ್ಸೋಕಾಗಲ್ಲ, ಬಿಟ್ರೆ ಗಿಡದ ಮೇಲೇ ಉದುರಿ ರೋಗ ಬರುತ್ತೆ, ಕೂಲಿ ಕೊಟ್ಟು ಕುಯ್ಸಿ ಎಸೀಬೇಕು. ಈಗಿನ ತಲೆನೋವು ಪ್ಲಾಸ್ಟಿಕ್ ಹೂವು. 2022ರ ಜುಲೈಯಿಂದ ಸ್ಟ್ರಾ, ಪ್ಲೇಟು, ಚಮಚ ಎಲ್ಲಾ ಬ್ಯಾನ್ ಆಯ್ತು, ಆ ಲಿಸ್ಟಲ್ಲಿ ಪ್ಲಾಸ್ಟಿಕ್ ಹೂವಿರ್ಲಿಲ್ಲ. ಒಂದ್ಸಲ ತಂದ ಗೊಂಚಲನ್ನ ಡೆಕೋರೇಷನ್‌ನೋನು ಮದುವೆಯಿಂದ ಮದುವೆಗೆ ಹೊತ್ಕೊಂಡು ತಿರುಗ್ತಾನೆ, ಧೂಳು ಕೂತಿದ್ರೂ ಲೈಟಲ್ಲಿ ಯಾರಿಗೂ ಕಾಣಲ್ಲ. ಆದ್ರೂ ರಿಸೆಪ್ಷನ್ ಸೋಫಾ ಹಿಂದೆ, ಫೋಟೋ ಬೀಳೋ ಜಾಗಕ್ಕೆ ನಿಜವಾದ ಬಿಳಿ ರೋಸೇ ಬೇಕು ಅಂತ ಕೇಳೋರು ಇನ್ನೂ ಇದಾರೆ, ಅದಕ್ಕೇ ಈ ಸಲ ಹಳೇ ಕೆಂಪು ಬೆಡ್‌ಗಳಲ್ಲಿ ಅರ್ಧ ಕಿತ್ತು ಬಿಳಿ ಹಾಕ್ತಿದೀವಿ. ಪಕ್ಕದ ತೋಟದೋರು ನಗ್ತಿದಾರೆ, ನಗ್ಲಿ ಬಿಡಿ.