ಗ್ಯಾಸ್ ಮುಗಿಯುವುದಿಲ್ಲ, ಸೋರುತ್ತದೆ

ಕಲಬುರಗಿಯ ನಮ್ಮ ಮನೆಯ ಮೇಲಂತಸ್ತಿನ ಮಲಗುವ ಕೋಣೆಗೆ ಒಂದೂವರೆ ಟನ್ನಿನ ಎ.ಸಿ. ಹಾಕಿಸಿ ಏಳು ವರ್ಷವಾಯಿತು. ಅದರಲ್ಲಿ ನಡುವಿನ ಮೂರು ವರ್ಷ ಪ್ರತಿ ಮಾರ್ಚಿನಲ್ಲೂ ಒಂದೇ ನಾಟಕ ನಡೆಯುತ್ತಿತ್ತು. ಗಾಳಿ ಬರುತ್ತದೆ, ತಂಪು ಬರುವುದಿಲ್ಲ. ಮೆಕ್ಯಾನಿಕ್ ಬಂದು ಗೇಜು ಹಚ್ಚಿ ನೋಡಿ, "ಗ್ಯಾಸ್ ಮುಗಿದಿದೆ, ತುಂಬಿಸಬೇಕು" ಎನ್ನುತ್ತಿದ್ದ. ಅಡುಗೆ ಸಿಲಿಂಡರ್ ಖಾಲಿಯಾದಷ್ಟೇ ಸಹಜವಾಗಿ ಆ ಮಾತನ್ನು ಒಪ್ಪಿಕೊಂಡು ನಾನೂ ದುಡ್ಡು ಕೊಟ್ಟು ಕಳಿಸುತ್ತಿದ್ದೆ. ಮೂರನೆಯ ಸಲ ಮಾತ್ರ, ಅಡುಗೆಮನೆಯಲ್ಲಿ ಹದಿನೈದು ವರ್ಷದಿಂದ ಗುಂಯ್ಗುಡುತ್ತಿರುವ ಫ್ರಿಜ್‌ಗೆ ಒಮ್ಮೆಯೂ ಗ್ಯಾಸ್ ತುಂಬಿಸಿಲ್ಲವಲ್ಲ ಎಂಬ ಯೋಚನೆ ಬಂತು.

ಎ.ಸಿ.ಯೊಳಗಿನ ಗ್ಯಾಸ್ ಇಂಧನವಲ್ಲ, ಅದು ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಗಳೊಳಗೆ ಸುತ್ತುವ ಆ ದ್ರವ ಕೋಣೆಯ ಒಳಗಿನ ಕಾಯಿಲ್‌ನಲ್ಲಿ ಆವಿಯಾಗುತ್ತಾ ಅಲ್ಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಹೊರಗಿನ ಯೂನಿಟ್‌ಗೆ ತಳ್ಳಿದಾಗ ಆ ಶಾಖವನ್ನು ಬಯಲಿಗೆ ಬಿಟ್ಟು ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಎಲ್ಲೂ ತೂತಿಲ್ಲದಿದ್ದರೆ ಯಂತ್ರದ ಆಯುಷ್ಯ ಮುಗಿಯುವವರೆಗೂ ಅದೇ ಗ್ಯಾಸ್ ಸಾಕು. ಪ್ರತಿ ವರ್ಷ ಕಡಿಮೆಯಾಗುತ್ತಿದೆಯೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಆ ಜಾಗವನ್ನು ಹುಡುಕದೆ ಮತ್ತೆ ತುಂಬುವುದು ತೂತುಬಿದ್ದ ಕೊಡಕ್ಕೆ ನೀರು ಹೊತ್ತಂತೆ.

ಈ ಸಲ ಬೇರೊಬ್ಬ ಮೆಕ್ಯಾನಿಕ್‌ನನ್ನು ಕರೆಸಿದೆ. ಆತ ಗೇಜು ತೆಗೆಯುವ ಮೊದಲೇ ಔಟ್‌ಡೋರ್ ಯೂನಿಟ್ಟಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತಾಮ್ರದ ಪೈಪು ವಾಲ್ವಿಗೆ ಸೇರುವ ಹಿತ್ತಾಳೆಯ ನಟ್ಟನ್ನು ತೋರಿಸಿದ. ಅದರ ಸುತ್ತ ಕಪ್ಪಗೆ, ಜಿಡ್ಡುಜಿಡ್ಡಾಗಿ ಧೂಳು ಮೆತ್ತಿಕೊಂಡಿತ್ತು. ಹಿಂದಿನ ಬೇಸಿಗೆಯಲ್ಲಿ ಅದೇ ಕಲೆಯನ್ನು ನಾನು ಬರೀ ಕೊಳೆಯೆಂದು ಬಟ್ಟೆಯಿಂದ ಒರೆಸಿದ್ದೆ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತಿರುತ್ತದೆ, ಗ್ಯಾಸ್ ಹೊರಬಿದ್ದಲ್ಲಿ ಎಣ್ಣೆಯೂ ಜಿನುಗಿ ಧೂಳನ್ನು ಹಿಡಿದುಕೊಳ್ಳುತ್ತದೆ. ಆತ ಪಾತ್ರೆ ತೊಳೆಯುವ ಸೋಪಿನ ನೊರೆಯನ್ನು ಬ್ರಷ್ಷಿನಿಂದ ಹಚ್ಚಿ ಸುಮ್ಮನೆ ಕೂತ. ಅರ್ಧ ನಿಮಿಷದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಯೊಂದು ಎದ್ದು, ಒಡೆದು, ಅದೇ ಜಾಗದಲ್ಲಿ ಇನ್ನೊಂದು ಎದ್ದಿತು. ಮೂರು ವರ್ಷದ ನನ್ನ ದುಡ್ಡು ಹೋದ ದಾರಿ ಅದು.

ಪೈಪಿನ ತುದಿಯನ್ನು ಕತ್ತರಿಸಿ, ಕಹಳೆಯ ಬಾಯಿಯಂತೆ ಹೊಸದಾಗಿ ಅರಳಿಸಿ, ನಟ್ಟು ಬಿಗಿದು, ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೋ ಎಂದು ಕಾದು ನೋಡಿದ. ಆಮೇಲೆ ಅರ್ಧ ಗಂಟೆಗೂ ಮೀರಿ ವ್ಯಾಕ್ಯೂಮ್ ಪಂಪ್ ಓಡಿಸಿ ಪೈಪಿನೊಳಗಿನ ಗಾಳಿಯನ್ನೂ ತೇವವನ್ನೂ ಎಳೆದು ತೆಗೆದು, ಯಂತ್ರದ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆದಷ್ಟೇ ಗ್ಯಾಸನ್ನು ತೂಕದ ಲೆಕ್ಕದಲ್ಲಿ ತುಂಬಿದ. ನಮ್ಮದು ಆರ್-32 ಗ್ಯಾಸಿನ ಯಂತ್ರ. ಅದು ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗುಣದ್ದಾದ್ದರಿಂದ ಪೈಪು ಬೆಸೆಯುವಾಗ ಅಲಕ್ಷ್ಯ ಸಲ್ಲದು. ಈ ವ್ಯಾಕ್ಯೂಮ್ ಕೆಲಸವನ್ನು ಮೊದಲ ದಿನ ಎ.ಸಿ. ಕೂರಿಸಲು ಬಂದವರು ಮಾಡಿದ್ದು ನನಗೆ ನೆನಪಿಲ್ಲ. ಅಂಗಡಿಯಲ್ಲಿ ಸ್ಟಾರುಗಳನ್ನು ಎಣಿಸಲು ಎರಡು ತಾಸು ಕಳೆದ ನಾನು, ಗೋಡೆಗೆ ಕೂರಿಸುವಾಗ ಚಹಾ ಕೊಟ್ಟು ಒಳಗೆ ಹೋಗಿದ್ದೆ.

ಉಳಿದ ನಿರ್ವಹಣೆ ಮನೆಯವರೇ ಮಾಡುವಂಥದ್ದು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಬೇಕು, ನೀರು ಹೋಗುವ ಪೈಪಿನಲ್ಲಿ ಪಾಚಿ ಕಟ್ಟದಂತೆ ನೋಡಿಕೊಳ್ಳಬೇಕು. ನಮ್ಮ ಭಾಗದಲ್ಲಿ ಇನ್ನೊಂದು ಕೆಲಸವಿದೆ. ಡಿಸೆಂಬರ್, ಜನವರಿಯ ತೊಗರಿ ರಾಶಿಯ ಧೂಳೂ ಹೊಟ್ಟೂ ಊರಂಚಿನ ಮನೆಗಳವರೆಗೆ ಹಾರಿ ಬಂದು ಔಟ್‌ಡೋರ್ ಯೂನಿಟ್ಟಿನ ತೆಳು ರೆಕ್ಕೆಗಳ ನಡುವೆ ಕಂಬಳಿ ಹೊದಿಸಿದಂತೆ ಕೂರುತ್ತವೆ. ಒಳಗಿನ ಶಾಖ ಹೊರಹೋಗಬೇಕಾದ ಬಾಗಿಲು ಅದೇ. ಫೆಬ್ರವರಿಯಲ್ಲಿ ವಿದ್ಯುತ್ ಪೂರ್ತಿ ತೆಗೆದು, ಮೆಲ್ಲಗೆ ನೀರು ಬಿಟ್ಟು ತೊಳೆದರೆ ಸಾಕು. ಸ್ಕೂಟರ್ ತೊಳೆಯುವ ಪ್ರೆಶರ್ ಪಂಪು ಬೇಡ, ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಸೋರಿಕೆ ಸಿಗುವ ಮೊದಲು ಹಳೆಯದನ್ನು ಕೊಟ್ಟು ಹೊಸ ಫೈವ್ ಸ್ಟಾರ್ ಯಂತ್ರ ತರುವ ಮಾತು ಮನೆಯಲ್ಲಿ ನಡೆದಿತ್ತು. ಸ್ಟಾರಿನ ಅಳತೆಗೋಲನ್ನು ಆಗಾಗ ಬಿಗಿಗೊಳಿಸುತ್ತಾರೆ. 2022ರ ಜುಲೈನಲ್ಲಿ ಹಾಗೆ ಮಾಡಿದಾಗ ಹಿಂದಿನ ದಿನದ ಐದು ಸ್ಟಾರು ಮರುದಿನ ನಾಲ್ಕಕ್ಕೆ ಇಳಿದಿತ್ತು. ಆದ್ದರಿಂದ ಸ್ಟಾರಿಗಿಂತ, ಖರ್ಚಾಗುವ ವಿದ್ಯುತ್ತಿಗೆ ಎಷ್ಟು ತಂಪು ಸಿಗುತ್ತದೆಂದು ಹೇಳುವ ಲೇಬಲ್ಲಿನ ಮೇಲಿನ ಐ.ಎಸ್.ಇ.ಇ.ಆರ್. ಅಂಕಿಯನ್ನೂ ವರ್ಷದ ಯೂನಿಟ್ ಲೆಕ್ಕವನ್ನೂ ಹೋಲಿಸುವುದು ಮೇಲು. ಆ ಲೆಕ್ಕ ವರ್ಷಕ್ಕೆ 1600 ಗಂಟೆ ಓಡಿಸುವುದಕ್ಕೆ ಹಾಕಿದ್ದು ಎಂಬುದು ಗೊತ್ತಿದ್ದರೆ ನಮ್ಮ ಮನೆಯ ಬಳಕೆಗೆ ಹೊಂದಿಸಿಕೊಳ್ಳಬಹುದು.

ಕೊನೆಗೆ ಹೊಸ ಯಂತ್ರಕ್ಕೆಂದು ತೆಗೆದಿಟ್ಟ ದುಡ್ಡಿನ ಒಂದು ಪಾಲನ್ನು ಮಾಳಿಗೆಗೆ ಹಾಕಿದೆ. ಅಜ್ಜನ ಮನೆಗೆ ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ್ ಕಲ್ಲಿನ ನೆಲ. ಮೇ ತಿಂಗಳ ಮಧ್ಯಾಹ್ನ ಬರಿಮೈಯಲ್ಲಿ ಆ ನೆಲದ ಮೇಲೆ ಮಲಗಿದರೆ ನಿದ್ದೆ ಬರುತ್ತಿತ್ತು. ನನ್ನ ಕಾಂಕ್ರೀಟ್ ಸ್ಲ್ಯಾಬು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಕೋಣೆಯೊಳಗೆ ಉಗುಳುತ್ತದೆ. ರಾತ್ರಿ ಹತ್ತಕ್ಕೆ ಸ್ಟೂಲು ಹತ್ತಿ ಅಂಗೈ ಇಟ್ಟರೆ ಸೂರು ಆಗಷ್ಟೇ ಇಳಿಸಿದ ಹೆಂಚಿನಂತಿರುತ್ತಿತ್ತು. ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣವನ್ನು ಎರಡು ಕೋಟು ಹೊಡೆಸಿದ ಮೇಲೆ ಅದೇ ಅಂಗೈಗೆ ಬರೀ ಬೆಚ್ಚಗೆನಿಸುತ್ತದೆ, ಕಂಪ್ರೆಸರ್ ಆಗಾಗ ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ. ಗೃಹಜ್ಯೋತಿಯ ಮನೆಗೆ ಇದು ಸಣ್ಣ ಮಾತಲ್ಲ, ತಿಂಗಳಿಗೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು.

ಹಳೆಯ ಏರ್ ಕೂಲರನ್ನೂ ಮಾರಿಲ್ಲ. ಹೊರಗೆ 42 ಡಿಗ್ರಿ, ತೇವಾಂಶ ಶೇಕಡಾ 15ರಷ್ಟು ಇರುವ ಏಪ್ರಿಲ್ಲಿನ ಒಣ ಮಧ್ಯಾಹ್ನದಲ್ಲಿ ಒಳ್ಳೆಯ ಪ್ಯಾಡಿನ ಕೂಲರು ಗಾಳಿಯನ್ನು 26, 27 ಡಿಗ್ರಿಗೆ ಇಳಿಸಬಲ್ಲದು, ಅದೂ ಎ.ಸಿ.ಗೆ ಬೇಕಾದ ವಿದ್ಯುತ್ತಿನ ಒಂದು ಸಣ್ಣ ಪಾಲಿನಲ್ಲಿ. ಎದುರಿನ ಕಿಟಕಿ ತೆರೆದಿರಬೇಕು, ಅಷ್ಟೇ. ತಂಪು ಹೊರಗೆ ಹೋಗುತ್ತದೆಂದು ಅದನ್ನು ಮುಚ್ಚುವವರ ಮನೆಯಲ್ಲಿ ಒಂದೇ ತಾಸಿಗೆ ಮೈ ಅಂಟಂಟಾಗುತ್ತದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಪ್ಯಾಡಿನ ಮೇಲೆ ಸುಣ್ಣದ ಪದರು ಕಟ್ಟುವುದರಿಂದ ಟ್ಯಾಂಕಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಹೊಸದು ತುಂಬುತ್ತೇನೆ. ಜೂನಿನಲ್ಲಿ ಮೋಡ ಕಟ್ಟಿ ಗಾಳಿಗೆ ತೇವ ಬಂದ ದಿನ ಕೂಲರಿನ ಕೆಲಸ ಮುಗಿಯಿತು, ಅಂದಿನಿಂದ ಎ.ಸಿ.ಯ ಪಾಳಿ.

ಈ ಮಾರ್ಚಿನಲ್ಲಿ ಗೇಜು ಹಚ್ಚುವವರು ಯಾರೂ ಬರಲಿಲ್ಲ. ಭಾನುವಾರ ನಾನೇ ಸೋಪಿನ ನೊರೆ ಹಚ್ಚಿ ಆ ನಟ್ಟಿನ ಮುಂದೆ ಐದು ನಿಮಿಷ ಕೂತಿದ್ದೆ. ಗುಳ್ಳೆ ಏಳಲಿಲ್ಲ.